ಮಾವನ ಝೆನಿಟ್ ಮತ್ತು 27.46 ಮಿಲಿಮೀಟರ್

ಮೊನ್ನೆ ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟದ ಮೇಲಿದ್ದ ಟ್ರಂಕಿನಿಂದ ಸೋದರಮಾವನ ಹಳೇ ಕ್ಯಾಮೆರಾ ಕೆಳಗಿಳಿಸಿದೆ. ಝೆನಿಟ್-ಇ. ಸೋವಿಯತ್ ಒಕ್ಕೂಟದ ಸರಕು. ಕೈಗೆ ತಗೊಂಡರೆ ಕ್ಯಾಮೆರಾ ಅನ್ನಿಸೋದಿಲ್ಲ, ಅರ್ಧ ಇಟ್ಟಿಗೆ ಅನ್ನಿಸುತ್ತೆ. ಮುಂಭಾಗದಲ್ಲಿ 1980ರ ಮಾಸ್ಕೋ ಒಲಿಂಪಿಕ್ಸ್ ಲಾಂಛನ ಇದೆ. ಅಮ್ಮನ ಮದುವೆ, ಅಣ್ಣನ ನಾಮಕರಣ, ಅಜ್ಜಿ ಹಿತ್ತಲಲ್ಲಿ ಹಪ್ಪಳ ಒಣಗಿಸ್ತಾ ಇರೋದು... ನಮ್ಮ ಮನೆ ಆಲ್ಬಮ್ಮಿನ ಅರ್ಧ ಫೋಟೋಗಳು ಇದರಿಂದ ಬಂದಿದ್ದು.

ಈಗ ಷಟರ್ ಕೆಟ್ಟು ನಿಂತಿದೆ. ಒಳಗಿನ ಬಟ್ಟೆಯ ಪರದೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತೆ.

"ರೀಲೇ ಸಿಗಲ್ಲ, ಸಿಕ್ಕಿದ್ರೂ ಷಟರ್ ಬೀಳಲ್ಲ. ತಗೊಂಡು ಹೋಗಿ ಏನೋ ಮಾಡ್ತೀಯ?" ಅಂದ್ರು ಮಾವ.

"ಕ್ಯಾಮೆರಾ ನಿಮ್ಮ ಹತ್ರನೇ ಇರ್ಲಿ ಮಾವ. ಲೆನ್ಸ್ ಸಾಕು ನಂಗೆ" ಅಂದೆ.

ಎಡಗಡೆಗೆ ನಾಲ್ಕಾರು ಸುತ್ತು ತಿರುಗಿಸಿದೆ. ಬಾಟಲಿ ಮುಚ್ಚಳ ಬಿಚ್ಚಿದ ಹಾಗೆ ಲೆನ್ಸ್ ಕೈಗೆ ಬಂತು. ಹೀಲಿಯೋಸ್-44-2, 58 ಮಿಲಿಮೀಟರ್, ಎಫ್/2. ಕ್ರಮಸಂಖ್ಯೆಯ ಮೊದಲೆರಡು ಅಂಕಿ 79. ಈ ಲೆನ್ಸುಗಳಲ್ಲಿ ಸಾಮಾನ್ಯವಾಗಿ ಆ ಎರಡು ಅಂಕಿಯೇ ತಯಾರಾದ ವರ್ಷ. ಅಂದ್ರೆ 1979. ನನಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡದು. ಬ್ಯಾಗಿನಿಂದ ಒಂದು ಅಲ್ಯೂಮಿನಿಯಂ ಬಳೆ ತೆಗೆದೆ, ಲೆನ್ಸಿನ ಹಿಂದಕ್ಕೆ ತಿರುಗಿಸಿದೆ, ನನ್ನ ಮಿರರ್‌ಲೆಸ್ ಕ್ಯಾಮೆರಾಕ್ಕೆ ಸಿಕ್ಕಿಸಿದೆ. ಮೆನುವಿನಲ್ಲಿ 'ಲೆನ್ಸ್ ಇಲ್ಲದಿದ್ದರೂ ಷಟರ್ ಬೀಳಲಿ' ಅನ್ನೋ ಆಯ್ಕೆ ಒತ್ತಿದೆ. ಪಾಪ, ಕ್ಯಾಮೆರಾಕ್ಕೆ ಎದುರಿಗೆ ಲೆನ್ಸ್ ಇದೆ ಅಂತಾನೇ ಗೊತ್ತಾಗೋದಿಲ್ಲ. :-)

ಪರದೆ ಮೇಲೆ ಮಾವನ ಮುಖ ಮೂಡಿತು. ಅವರ ಹಿಂದಿದ್ದ ಹೊಂಗೆ ಮರದ ಎಲೆಗಳೆಲ್ಲ ಸುತ್ತಲೂ ಗಿರಗಿಟ್ಟಲೆ ತಿರುಗ್ತಾ ಇದ್ದ ಹಾಗೆ ಕಂಡವು. ಮಾವ ಬಗ್ಗಿ ನೋಡಿ, "ಇದು ನನ್ನ ಲೆನ್ಸಾ?" ಅಂದ್ರು.

ಹೌದು, ಅವರ ಲೆನ್ಸೇ. ಆದರೆ ಅವರದ್ದು ಅಂತ ಹೇಳಿ ಮುಗಿಸೋ ಹಾಗಿಲ್ಲ. ಈ ಗಾಜಿನ ಹಿಂದೆ ಯಾರ್ಯಾರ ಕೈ ಇದೆ ಅಂತ ಹುಡುಕಿಕೊಂಡು ಹೋದರೆ ಅನಾಥ ಮಕ್ಕಳು, ಸೋತ ಜರ್ಮನಿ, ರೈಲಿನಲ್ಲಿ ಹೊರಟ ಯಂತ್ರಗಳು, ಇವತ್ತು ಬಾಂಬ್ ಬೀಳ್ತಾ ಇರೋ ಒಂದು ಊರು ಎಲ್ಲಾ ಸಿಗುತ್ತವೆ. ಅದನ್ನೇ ಬರೆಯೋಣ ಅಂತ ಕೂತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ.

*

ಮೊದಲು ಆ ಬಳೆಯ ಲೆಕ್ಕ ಮುಗಿಸಿಬಿಡೋಣ. ಇದು ಗೊತ್ತಿಲ್ಲದಿದ್ದರೆ ಮುಂದಿನ ಇತಿಹಾಸ ಅರ್ಥ ಆಗೋದಿಲ್ಲ.

ಯಾವ ಕ್ಯಾಮೆರಾದಲ್ಲೇ ಆಗಲಿ, ಲೆನ್ಸ್ ಕೂರುವ ಅಂಚಿನಿಂದ ಫಿಲಂ ಅಥವಾ ಸೆನ್ಸರ್‌ವರೆಗೆ ಒಂದು ನಿಗದಿತ ದೂರ ಇರುತ್ತೆ. ಝೆನಿಟ್ ಬಳಸೋ ಎಂ42 ಅನ್ನೋ ತಿರುಪಿನ ಮೌಂಟ್‌ಗೆ ಅದು 45.46 ಮಿ.ಮೀ. ಲೆನ್ಸ್ ಅಷ್ಟೇ ದೂರದಲ್ಲಿ ಕೂತರೆ ಮಾತ್ರ ಬೆಟ್ಟ, ಚಂದ್ರ, ದೂರದ ಗೋಪುರ ಎಲ್ಲ ಸ್ಪಷ್ಟವಾಗಿ ಬೀಳುತ್ತವೆ. ಸೋನಿ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ದೂರ ಬರೀ 18 ಮಿ.ಮೀ. ಹಾಗಾಗಿ 45.46 ಕಳೆ 18, ಅಂದ್ರೆ 27.46 ಮಿ.ಮೀ. ಉದ್ದದ ಖಾಲಿ ಕೊಳವೆ ಇಟ್ಟರೆ ಕೆಲಸ ಮುಗೀತು. ಒಳಗೆ ಗಾಜಿಲ್ಲ, ತಂತಿಯಿಲ್ಲ, ಚಿಪ್ ಇಲ್ಲ. ನನ್ನ ಬಳೆ ಅಂದ್ರೆ ಇಷ್ಟೇ.

ಕ್ಯಾನನ್‌ನ ಹಳೇ ಡಿಜಿಟಲ್ ಎಸ್ಸೆಲ್ಲಾರ್‌ಗಳಲ್ಲಿ ಈ ದೂರ 44 ಮಿ.ಮೀ. ಅಲ್ಲಿ ಒಂದೂವರೆ ಮಿಲಿಮೀಟರ್‌ನ ತೆಳು ಬಿಲ್ಲೆ ಸಾಕು. ಆದರೆ ನಿಕಾನ್ ಎಸ್ಸೆಲ್ಲಾರ್‌ಗಳಲ್ಲಿ 46.5 ಮಿ.ಮೀ. ಎಂ42ಗಿಂತ 1.04 ಮಿ.ಮೀ. ಜಾಸ್ತಿ! ಬಳೆ ಹಾಕೋದಕ್ಕೆ ಜಾಗವೇ ಇಲ್ಲ, ಲೆನ್ಸ್ ಆಗಲೇ ಬೇಕಾದ್ದಕ್ಕಿಂತ ದೂರ ಹೋಗಿ ಕೂತಿರುತ್ತೆ. ಒಂದು ಮಿಲಿಮೀಟರ್ ತಾನೇ ಅಂತೀರಾ? ಪಿಯುಸಿ ಭೌತಶಾಸ್ತ್ರದ ನ್ಯೂಟನ್ ಸೂತ್ರ ಹಾಕಿ ನೋಡಿ. 58ರ ವರ್ಗ 3364, ಅದನ್ನ 1.04ರಿಂದ ಭಾಗಿಸಿದರೆ ಸುಮಾರು 3235 ಮಿ.ಮೀ. ಅಂದ್ರೆ ಮೂರೂಕಾಲು ಮೀಟರ್ ಚಿಲ್ಲರೆಯಿಂದ ಆಚೆಗೆ ಇರೋದೆಲ್ಲ ಮಸುಕು. ಎದುರಿಗೆ ಕೂತ ಮನುಷ್ಯ ಕಾಣ್ತಾನೆ, ಹಿಂದಿನ ಬೆಟ್ಟ ಎಂದಿಗೂ ಕಾಣಲ್ಲ. ಸರಿಪಡಿಸೋಕೆ ನಡುವೆ ಇನ್ನೊಂದು ಗಾಜು ಹಾಕಬೇಕು, ಅದು ಚಿತ್ರ ಕೆಡಿಸುತ್ತೆ.

ಇಷ್ಟು ನೆನಪಿಟ್ಟುಕೊಂಡು ಈಗ ತೊಂಬತ್ತು ವರ್ಷ ಹಿಂದಕ್ಕೆ ಹೋಗೋಣ.

*

ಮೊದಲ ಮಹಾಯುದ್ಧ, ಕ್ರಾಂತಿ, ಅಂತರ್ಯುದ್ಧ, 1921ರ ಬರಗಾಲ... ಒಂದರ ಹಿಂದೆ ಒಂದು ಬಂದು ಸೋವಿಯತ್ ನೆಲದಲ್ಲಿ ಲಕ್ಷಗಟ್ಟಲೆ ಮಕ್ಕಳು ಬೀದಿಪಾಲಾಗಿದ್ದರು. ರೈಲು ನಿಲ್ದಾಣಗಳಲ್ಲಿ ಮಲಗೋದು, ಕದಿಯೋದು, ಚಳಿಗೆ ಸಾಯೋದು. ಉಕ್ರೇನಿನ ಖಾರ್ಕಿವ್ ಊರಿನಲ್ಲಿ 1927ರಲ್ಲಿ ಇಂಥ ಮಕ್ಕಳಿಗೆ ಅಂತ ಒಂದು ದುಡಿಮೆಯ ಕಮ್ಯೂನ್ ತೆರೆದರು. ನಡೆಸಿದವರು ಆಂಟನ್ ಮಕರೆಂಕೊ ಅನ್ನೋ ಮೇಷ್ಟ್ರು. ಅರ್ಧ ದಿನ ಪಾಠ, ಅರ್ಧ ದಿನ ಕಾರ್ಖಾನೆ ಅನ್ನೋ ಪದ್ಧತಿ. ಅದಕ್ಕೆ ಇಟ್ಟ ಹೆಸರು ಫೆಲಿಕ್ಸ್ ಎದ್ಮುಂದೊವಿಚ್ ಜೆರ್ಝಿನ್‌ಸ್ಕಿಯದ್ದು. ಈತ ಸೋವಿಯತ್ ರಹಸ್ಯ ಪೊಲೀಸ್ ಪಡೆ 'ಚೆಕಾ'ದ ಮೊದಲ ಮುಖ್ಯಸ್ಥ, ಸಾವಿರಾರು ಜನರ ಸಾವಿಗೆ ಕಾರಣನಾದವನು. ಅನಾಥ ಮಕ್ಕಳ ಕಲ್ಯಾಣಕ್ಕೆ ಅಂತ ಮಾಡಿದ್ದ ಸಮಿತಿಯ ಮುಖ್ಯಸ್ಥನೂ ಅವನೇ! ಇತಿಹಾಸ ನಮಗೆ ಬೇಕಾದ ಹಾಗೆ ಕಪ್ಪು ಬಿಳುಪಾಗಿ ಸಿಗೋದೇ ಇಲ್ಲ ನೋಡಿ.

ಆ ಮಕ್ಕಳು ಮೊದಲು ಮರಗೆಲಸ ಮಾಡಿದರು, 1932ರಲ್ಲಿ ವಿದ್ಯುತ್ ಡ್ರಿಲ್ ಮಾಡಿದರು. ಆಮೇಲೆ ಕೈ ಹಾಕಿದ್ದು ಆ ಕಾಲದ ಅತಿ ನಾಜೂಕಿನ ಯಂತ್ರಗಳಲ್ಲಿ ಒಂದಕ್ಕೆ: ಜರ್ಮನಿಯ ಲೈಕಾ ಕ್ಯಾಮೆರಾಕ್ಕೆ. ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ಮಾರುಕಟ್ಟೆಗೆ ಬಂದಿದ್ದು 1925ರಲ್ಲಿ. ಕಮ್ಯೂನಿನವರು ಅದನ್ನ ಬಿಚ್ಚಿ, ಅಳೆದು, ಒಂದೊಂದು ಭಾಗಕ್ಕೂ ನಕ್ಷೆ ಬರೆದು ಮತ್ತೆ ಕಟ್ಟಿದರು. ನಮ್ಮ ಭಾಷೆಯಲ್ಲಿ ರಿವರ್ಸ್ ಎಂಜಿನಿಯರಿಂಗ್. 1934ರಿಂದ ಸಾಲುಸಾಲಾಗಿ ಕ್ಯಾಮೆರಾಗಳು ಹೊರಬಂದವು. ಜೆರ್ಝಿನ್‌ಸ್ಕಿಯ ಹೆಸರಿನ ಮೊದಲಕ್ಷರಗಳೇ ಕ್ಯಾಮೆರಾದ ಹೆಸರಾಯ್ತು: ಫೆಡ್.

ಹೊರಗೆ ಆಗ ಏನಾಗ್ತಾ ಇತ್ತು ಅನ್ನೋದನ್ನೂ ಹೇಳಬೇಕು. 1932-33ರಲ್ಲಿ ಉಕ್ರೇನಿನ ಹಳ್ಳಿಗಳಲ್ಲಿ ಸ್ಟಾಲಿನ್ ಸರಕಾರ ಧಾನ್ಯ ಎಳೆದುಕೊಂಡು ಹೋಗಿ, ಹತ್ತಾರು ಲಕ್ಷ ಜನ ಹಸಿವಿನಿಂದ ಸತ್ತರು. ಖಾರ್ಕಿವ್ ಆಗ ಸೋವಿಯತ್ ಉಕ್ರೇನಿನ ರಾಜಧಾನಿ. ಹಳ್ಳಿಯವರು ಆ ಊರಿನ ಬೀದಿಗಳಿಗೆ ಬಂದು ಬಿದ್ದು ಸಾಯ್ತಿದ್ದ ಅದೇ ದಿನಗಳಲ್ಲಿ, ಅದೇ ಊರಿನ ಮಕ್ಕಳು ಮೈಕ್ರೋಮೀಟರ್ ಹಿಡಿದು ಲೈಕಾ ಅಳೀತಿದ್ದರು. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳೋದು ನನಗೆ ಕಷ್ಟ ಆಗುತ್ತೆ. ಆದರೆ ಎರಡೂ ನಿಜ.

ತಾಂತ್ರಿಕ ವಿಷಯಕ್ಕೆ ಬಂದರೆ, ಮೊದಮೊದಲ ಫೆಡ್‌ಗಳಲ್ಲಿ ಒಂದು ತಮಾಷೆ ಇತ್ತು. ಒಂದು ಫೆಡ್‌ನ ಲೆನ್ಸ್ ಬಿಚ್ಚಿ ಇನ್ನೊಂದು ಫೆಡ್‌ಗೆ ಹಾಕಿದರೆ ಫೋಕಸ್ ಸರಿ ಬರುತ್ತೆ ಅನ್ನೋ ಖಾತ್ರಿ ಇರಲಿಲ್ಲ. ಪ್ರತಿ ಕ್ಯಾಮೆರಾಕ್ಕೂ ಅದರದ್ದೇ ಲೆನ್ಸನ್ನ ಕೈಯಲ್ಲಿ ಹೊಂದಿಸಿ ಕಳಿಸ್ತಿದ್ದರು. ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾ, ಆದರೆ ಬದಲಾಯಿಸೋ ಹಾಗಿಲ್ಲ! 'ನನ್ನ ಮಷೀನಿನಲ್ಲಿ ಓಡ್ತಿದೆಯಲ್ಲ' ಅಂತ ನಾವು ಆಫೀಸಿನಲ್ಲಿ ಹೇಳ್ತೀವಲ್ಲ, ಅದೇ ಕಥೆ. ಲೈಕಾದ 28.8 ಮಿ.ಮೀ. ದೂರಕ್ಕೆ ಎಲ್ಲವೂ ಹೊಂದಿಕೊಂಡಿದ್ದು ಆಮೇಲೆ.

1941ರಲ್ಲಿ ಜರ್ಮನ್ ಸೇನೆ ಖಾರ್ಕಿವ್‌ಗೆ ಬಂತು. ಕಾರ್ಖಾನೆಯನ್ನ ಸೈಬೀರಿಯಾದ ಬೆರ್ಡ್‌ಸ್ಕ್‌ಗೆ ಸಾಗಿಸಿದರು. ಊರು ಕೈಯಿಂದ ಕೈಗೆ ಹೋಗಿ, 1943ರ ಆಗಸ್ಟ್‌ನಲ್ಲಿ ಕೊನೆಗೂ ಬಿಡುಗಡೆ ಆದಾಗ ಹೆಚ್ಚುಕಮ್ಮಿ ಅವಶೇಷವಾಗಿತ್ತು.

*

ಈಗ ಆಚೆ ಕಡೆಯ ಕಥೆ. ಜರ್ಮನಿಯ ಯೇನಾ ಅನ್ನೋ ಊರು, ಕಾರ್ಲ್ ಝೈಸ್ ಕಂಪನಿಯ ತವರು. 1930ರ ದಶಕದಲ್ಲಿ ಪ್ರಪಂಚದ ಉತ್ತಮ ಲೆನ್ಸುಗಳು ಇಲ್ಲಿಂದ ಬರ್ತಿದ್ದವು. ಲುಡ್ವಿಗ್ ಬರ್ಟೆಲೆ ಅನ್ನೋ ವಿನ್ಯಾಸಕ ಝೈಸ್ ಐಕಾನ್‌ನ ಕಾಂಟಾಕ್ಸ್ ಕ್ಯಾಮೆರಾಕ್ಕಾಗಿ 'ಸೊನಾರ್' ಲೆನ್ಸ್ ರೂಪಿಸಿದ್ದ. ವಿಲ್ಲಿ ಮೆರ್ಟೆ ಅನ್ನೋವನು 'ಬಯೋಟಾರ್' ರೂಪಿಸಿದ್ದ. ಬಯೋಟಾರ್ 58 ಮಿ.ಮೀ. ಎಫ್/2. ಅಂಕಿ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಬರ್ತೀನಿ ಅಲ್ಲಿಗೇ.

1945ರ ಏಪ್ರಿಲ್‌ನಲ್ಲಿ ಯೇನಾಕ್ಕೆ ಮೊದಲು ಬಂದಿದ್ದು ಅಮೆರಿಕನ್ ಸೇನೆ. ಆದರೆ ಮೊದಲೇ ಆದ ಒಪ್ಪಂದದ ಪ್ರಕಾರ ಆ ಪ್ರದೇಶ ಸೋವಿಯತ್ ಪಾಲಿಗೆ ಹೋಗಬೇಕಿತ್ತು. ಬಿಟ್ಟು ಹೋಗೋ ಮುಂಚೆ ಅಮೆರಿಕನ್ನರು ಝೈಸ್‌ನ ಮುಖ್ಯ ವಿಜ್ಞಾನಿಗಳು, ಎಂಜಿನಿಯರುಗಳನ್ನ ಕರ್ಕೊಂಡು ಹೊರಟರು. ಪಶ್ಚಿಮ ಜರ್ಮನಿಯ ಒಬರ್‌ಕೋಕನ್‌ನಲ್ಲಿ ಇನ್ನೊಂದು ಝೈಸ್ ಹುಟ್ಟಿದ್ದು ಹಾಗೆ. ಆಮೇಲೆ ಬಂದ ಸೋವಿಯತ್ತರು ಯಂತ್ರಗಳನ್ನ ಬಿಚ್ಚಿ ರೈಲಿಗೆ ಹಾಕಿದರು. 1946ರ ಅಕ್ಟೋಬರ್ 22ರಂದು ಒಂದೇ ದಿನ ಪೂರ್ವ ಜರ್ಮನಿಯ ಎರಡು ಸಾವಿರಕ್ಕೂ ಹೆಚ್ಚು ತಂತ್ರಜ್ಞರನ್ನ, ಅವರ ಹೆಂಡತಿ ಮಕ್ಕಳ ಸಮೇತ, ಸೋವಿಯತ್ ಒಕ್ಕೂಟಕ್ಕೆ ಸಾಗಿಸಿದರು. ಬರ್ತೀರಾ ಅಂತ ಯಾರೂ ಕೇಳಲಿಲ್ಲ. ಅವರಲ್ಲಿ ಝೈಸ್‌ನವರೂ ಇದ್ದರು.

ಕಾಂಟಾಕ್ಸ್ ತಯಾರಾಗ್ತಿದ್ದ ಡ್ರೆಸ್ಡೆನ್ ಕಾರ್ಖಾನೆ ಬಾಂಬ್ ದಾಳಿಗೆ ಸಿಕ್ಕಿ ಹಾಳಾಗಿತ್ತು. ಹಾಗಾಗಿ ಯೇನಾದವರ ಕೈಯಲ್ಲೇ ಕಾಂಟಾಕ್ಸ್ ತಯಾರಿಕೆಯ ಸಾಲನ್ನ ಹೊಸದಾಗಿ ಕಟ್ಟಿಸಿ, ಅದನ್ನ ಕೀವ್‌ನ ಆರ್ಸೆನಲ್ ಕಾರ್ಖಾನೆಗೆ ಸಾಗಿಸಿದರು. 1947ರಿಂದ ಕಾಂಟಾಕ್ಸ್ 'ಕೀವ್' ಆಯ್ತು. ಸೊನಾರ್ ಲೆನ್ಸ್ 'ಜುಪಿಟರ್' ಆಯ್ತು. 50 ಮಿ.ಮೀ. ಎಫ್/2 ಸೊನಾರ್ ಜುಪಿಟರ್-8 ಆದರೆ, ಎಫ್/1.5 ಜುಪಿಟರ್-3. 85 ಮಿ.ಮೀ.ನದ್ದು ಜುಪಿಟರ್-9.

'ಕಳ್ಳತನ ಅಂದ್ರೆ ಇದೇ ತಾನೇ?' ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಆಮೇಲೆ ಅಷ್ಟು ಸುಲಭ ಅನ್ನಿಸಲಿಲ್ಲ. ಆ ಯುದ್ಧದಲ್ಲಿ ಸೋವಿಯತ್ ಒಕ್ಕೂಟ ಎರಡು ಕೋಟಿಗೂ ಹೆಚ್ಚು ಜನರನ್ನ ಕಳೆದುಕೊಂಡಿತ್ತು. ನಷ್ಟಕ್ಕೆ ಪರಿಹಾರ ತಗೊಳ್ಳಬಹುದು ಅಂತ ಗೆದ್ದ ದೇಶಗಳೇ ಮಾತಾಡಿಕೊಂಡಿದ್ದವು. ಯುದ್ಧಕಾಲದಲ್ಲಿ ಝೈಸ್ ಕಾರ್ಖಾನೆಯಲ್ಲೂ ಬಲವಂತದ ಕೂಲಿಗಳಿದ್ದರು, ಅವರಲ್ಲಿ ಸೋವಿಯತ್ ನೆಲದಿಂದ ಎಳೆತಂದವರೂ ಸೇರಿದ್ದರು. ಇನ್ನು ನಕಲಿನ ವಿಚಾರ. ಲೈಕಾ ಮಾದರಿಯ ಕ್ಯಾಮೆರಾಗಳನ್ನ ಇಂಗ್ಲೆಂಡಿನಲ್ಲಿ 'ರೀಡ್' ಅಂತ, ಅಮೆರಿಕದಲ್ಲಿ 'ಕಾರ್ಡನ್' ಅಂತ ಮಾಡಿದರು. ಜಪಾನಿನಲ್ಲಿ ಕ್ಯಾನನ್ ಬೆಳೆದಿದ್ದೂ ಅದೇ ದಾರಿಯಲ್ಲಿ. ಮಾಡಿದವರ ಪಟ್ಟಿ ದೊಡ್ಡದು, ಬೈಸಿಕೊಂಡವರು ಮಾತ್ರ ರಷ್ಯನ್ನರು!

ಜೊತೆಗೆ, ನಕಲು ಅಂದ್ರೆ ಕೆಲಸವೇ ಇಲ್ಲ ಅಂತಲ್ಲ. ಮೊದಲ ಜುಪಿಟರ್‌ಗಳಿಗೆ ಜರ್ಮನಿಯಿಂದ ತಂದ ಗಾಜನ್ನೇ ಬಳಸಿದರು. ಆ ದಾಸ್ತಾನು ಮುಗಿಯೋದು ಗೊತ್ತಿತ್ತು. ಸೋವಿಯತ್ ಗಾಜು ಬೆಳಕನ್ನ ಬಗ್ಗಿಸೋ ರೀತಿಯೇ ಬೇರೆ. ಹಾಗಾಗಿ ಪ್ರತಿ ಮೇಲ್ಮೈಯ ವಕ್ರತೆಯನ್ನ, ಪ್ರತಿ ಗಾಜಿನ ದಪ್ಪವನ್ನ ಮತ್ತೆ ಲೆಕ್ಕ ಹಾಕಬೇಕಾಯ್ತು. ಒಂದೊಂದು ಕಿರಣ ಒಂದೊಂದು ಮೇಲ್ಮೈಯಲ್ಲಿ ಎಷ್ಟು ಬಾಗುತ್ತೆ ಅಂತ ಕೈಯಲ್ಲಿ, ಕೋಷ್ಟಕ ನೋಡಿಕೊಂಡು ಮಾಡೋ ಲೆಕ್ಕ. ಒಂದು ಲೈಬ್ರರಿ ಬದಲಾದಾಗ ಕೋಡ್ ಪೋರ್ಟ್ ಮಾಡೋದಕ್ಕೆ ನಾವು ಮೂರು ಸ್ಪ್ರಿಂಟ್ ಕೇಳ್ತೀವಿ. ಅವರು ಗಾಜು ಬದಲಾಯಿಸಿ ಅದೇ ಲೆನ್ಸ್ ಓಡಿಸಿದರು.

ಇಲ್ಲೇ ನನಗೆ ಹೊಳೆದಿದ್ದು. ಹಳೇ ಲೆನ್ಸನ್ನ ಹೊಸ ಕ್ಯಾಮೆರಾಕ್ಕೆ ಹೊಂದಿಸೋ ಹುಚ್ಚು ನಮ್ಮ ಕಾಲದ್ದು ಅಂದುಕೊಂಡಿದ್ದೆ. ಅಲ್ಲ. ಈ ಲೆನ್ಸುಗಳು ಹುಟ್ಟಿದ್ದೇ ಹಾಗೆ. ಜರ್ಮನ್ ಲೆಕ್ಕವನ್ನ ರಷ್ಯನ್ ಗಾಜಿಗೆ ಹೊಂದಿಸಿದರು, ಕಾಂಟಾಕ್ಸ್‌ನ ಸೊನಾರನ್ನ ಲೈಕಾ ಥ್ರೆಡ್‌ನೊಳಗೆ ಕೂರಿಸಿದರು.

ಆ ಎರಡನೇ ಹೊಂದಾಣಿಕೆಯಲ್ಲಿ ಒಂದು ಬಗ್ ಉಳಿದುಕೊಂಡಿತು. ಈ ಕ್ಯಾಮೆರಾಗಳಲ್ಲಿ ಫೋಕಸ್ ಮಾಡೋದು ರೇಂಜ್‌ಫೈಂಡರ್‌ನಿಂದ. ಲೆನ್ಸ್ ಮುಂದೆ ಹಿಂದೆ ಸರಿದಷ್ಟೂ ಒಂದು ಸನ್ನೆ ಅಲುಗಾಡಿ ದೂರ ತೋರಿಸುತ್ತೆ. ಲೈಕಾದ ಲೆಕ್ಕ ನಿಂತಿರೋದು 51.6 ಮಿ.ಮೀ. ಲೆನ್ಸಿನ ಮೇಲೆ, ಕಾಂಟಾಕ್ಸ್‌ನದ್ದು 52.4ರ ಮೇಲೆ. ಸೋವಿಯತ್ತರು ಕಾಂಟಾಕ್ಸ್ ಲೆಕ್ಕವನ್ನೇ ಉಳಿಸಿಕೊಂಡರು. ಹಾಗಾಗಿ ಜುಪಿಟರ್ ಲೆನ್ಸ್ ನಿಜವಾದ ಲೈಕಾಕ್ಕೆ ಚೆನ್ನಾಗಿ ಕೂರುತ್ತೆ, ದೂರದ ಚಿತ್ರ ಚೆನ್ನಾಗೇ ಬರುತ್ತೆ, ಹತ್ತಿರದ ಮುಖ ತೆಗೆದರೆ ಕಣ್ಣಿನ ಬದಲು ಕಿವಿ ಸ್ಪಷ್ಟವಾಗಿರುತ್ತೆ. 'ರಷ್ಯನ್ ಲೆನ್ಸ್ ಅಂದ್ರೆ ಇಷ್ಟೇ' ಅನ್ನೋ ಕೆಟ್ಟ ಹೆಸರಿನಲ್ಲಿ ಒಂದು ಪಾಲು ಈ 0.8 ಮಿ.ಮೀ.ನದ್ದು. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಸನ್ನೆಯೇ ಇಲ್ಲ, ಸೆನ್ಸರ್ ಮೇಲೆ ಬಿದ್ದ ಚಿತ್ರವನ್ನೇ ನೋಡಿ ಫೋಕಸ್ ಮಾಡ್ತೀವಿ. ಬಗ್ ತಾನಾಗೇ ಮಾಯ! ಅರವತ್ತು ಎಪ್ಪತ್ತು ವರ್ಷದ ಅಪವಾದ ಒಂದು ಖಾಲಿ ಕೊಳವೆಯಿಂದ ಕಳೀತು.

*

ಇನ್ನು ಮಾವನ ಹೀಲಿಯೋಸ್.

ಮಾಸ್ಕೋ ಪಕ್ಕದ ಕ್ರಾಸ್ನೊಗೊರ್ಸ್ಕ್‌ನಲ್ಲಿ ಯುದ್ಧದ ಮಧ್ಯೆ, 1942ರಲ್ಲಿ, ಸೈನ್ಯಕ್ಕೆ ಬೇಕಾದ ದೃಷ್ಟಿ ಉಪಕರಣ ಮಾಡೋದಕ್ಕೆ ಒಂದು ಕಾರ್ಖಾನೆ ಶುರುವಾಯ್ತು. ಚುಟುಕಾಗಿ ಕೆಎಂಝಡ್. ಯುದ್ಧ ಮುಗಿದ ಮೇಲೆ ಅದು ಫೆಡ್‌ನ ನಕ್ಷೆ ತಗೊಂಡು 'ಝೋರ್ಕಿ' ಅನ್ನೋ ಕ್ಯಾಮೆರಾ ಮಾಡಿತು. ಆಮೇಲೆ ಅಲ್ಲಿನ ಎಂಜಿನಿಯರುಗಳು ಜಾಣತನದ ಕೆಲಸ ಮಾಡಿದರು. ಝೋರ್ಕಿಯ ರೇಂಜ್‌ಫೈಂಡರ್ ಕಿತ್ತು, ಲೆನ್ಸ್ ಮತ್ತು ಫಿಲಂ ನಡುವೆ ಒಂದು ಕನ್ನಡಿ ಡಬ್ಬಿ ಕೂರಿಸಿದರು. ಕನ್ನಡಿಗೆ ಜಾಗ ಬೇಕಲ್ಲ, ಲೆನ್ಸ್ ಮುಂದಕ್ಕೆ ಹೋಯ್ತು. 28.8 ಇದ್ದಿದ್ದು 45.2 ಆಯ್ತು. 1950ರ ದಶಕದ ಆರಂಭದಲ್ಲಿ ಬಂದ ಇದೇ ಮೊದಲ ಝೆನಿಟ್.

ಆದರೆ ಥ್ರೆಡ್ ಮಾತ್ರ ಅದೇ 39 ಮಿ.ಮೀ. ಉಳಿಸಿಕೊಂಡರು. ಇವತ್ತಿಗೂ ಹೊಸಬರು ಬಿದ್ದು ಹೋಗೋ ಗುಂಡಿ ಇದು. ಫೆಡ್ ಲೆನ್ಸ್, ಹಳೇ ಝೆನಿಟ್ ಲೆನ್ಸ್, ಎರಡೂ 39. ಎರಡೂ ಒಂದೇ ತಿರುಪಿಗೆ ಸರಾಗವಾಗಿ ಹೋಗುತ್ತವೆ. ದೂರ ಮಾತ್ರ ಬೇರೆ. ಪ್ಲಗ್ ಒಂದೇ, ವೋಲ್ಟೇಜ್ ಬೇರೆ ಅಂದ ಹಾಗೆ. ನಾನೂ ಬಿದ್ದವನೇ, ಅಡಾಪ್ಟರ್‌ಗೆ ಕೊಟ್ಟ ದುಡ್ಡು ದಂಡ. ಮುಂದೆ ಜರ್ಮನಿಯ ಪ್ರಾಕ್ಟಿಕಾ, ಜಪಾನಿನ ಪೆಂಟಾಕ್ಸ್‌ಗಳಲ್ಲಿ ಚಾಲ್ತಿಗೆ ಬಂದಿದ್ದ ಎಂ42 ತಿರುಪಿಗೇ ಝೆನಿಟ್ ಕೂಡ ಬಂತು. ಅದರಿಂದಲೇ ಇವತ್ತು ಎಂ42 ಅಡಾಪ್ಟರ್ ಇಷ್ಟು ಸುಲಭವಾಗಿ ಸಿಗೋದು.

ಕನ್ನಡಿ ಬಂದ ಮೇಲೆ ಸೊನಾರ್ ಬಳಿಯ ಜುಪಿಟರ್-8 ಆಗೋದಿಲ್ಲ, ಅದರ ಹಿಂಗಾಜು ಫಿಲಂಗೆ ತೀರಾ ಹತ್ತಿರ ಇರುತ್ತೆ. ಆಗ ಕೈಗೆ ಸಿಕ್ಕಿದ್ದು ಬಯೋಟಾರ್. ಅದು 1930ರ ದಶಕದಲ್ಲೇ ಕನ್ನಡಿ ಕ್ಯಾಮೆರಾಕ್ಕೆ ಅಂತ ಮಾಡಿದ್ದು. 50 ಅಲ್ಲದೆ 58 ಮಿ.ಮೀ. ಅನ್ನೋ ವಿಚಿತ್ರ ಅಂಕಿ ಬಂದಿದ್ದೂ ಅದಕ್ಕೇ, ಹಿಂದೆ ಕನ್ನಡಿ ಮೇಲೇಳೋದಕ್ಕೆ ಜಾಗ ಬಿಡಬೇಕಿತ್ತು. ಆ ಬಯೋಟಾರ್ ಅನ್ನ ಸೋವಿಯತ್ ಗಾಜಿಗೆ ಹೊಂದಿಸಿ 1958ರ ಸುಮಾರಿಗೆ ತಂದಿದ್ದು ಹೀಲಿಯೋಸ್-44. ಹೀಲಿಯೋಸ್ ಅಂದ್ರೆ ಗ್ರೀಕ್ ಸೂರ್ಯದೇವ. ಕೆಎಂಝಡ್ ಒಂದರಲ್ಲೇ ಝೆನಿಟ್-ಇ ಮೂವತ್ತು ಲಕ್ಷಕ್ಕೂ ಮೀರಿ ತಯಾರಾಯ್ತು, ಬಹುಪಾಲು ಅದರ ಜೊತೆಗೇ ಹೀಲಿಯೋಸ್ ಹೋಯ್ತು. ಅದೇ ಕಾರ್ಖಾನೆಯಲ್ಲಿ ಮಾಡಿದ ಇನ್ನೊಂದು ಕ್ಯಾಮೆರಾ 1959ರಲ್ಲಿ ಲೂನಾ-3 ನೌಕೆಯಲ್ಲಿ ಹೋಗಿ, ಯಾರೂ ನೋಡಿರದ ಚಂದ್ರನ ಹಿಂಬದಿಯ ಮೊದಲ ಫೋಟೋ ತೆಗೆಯಿತು.

ಮಾವನ ಹಿಂದೆ ಎಲೆಗಳು ಸುತ್ತಿದ ಹಾಗೆ ಕಂಡಿದ್ದು ಯಾಕೆ? ಲೆನ್ಸಿನ ಅಂಚಿನಲ್ಲಿ ಓರೆಯಾಗಿ ಬರೋ ಬೆಳಕನ್ನ ಲೆನ್ಸಿನ ಕೊಳವೆಯೇ ಸ್ವಲ್ಪ ಕತ್ತರಿಸುತ್ತೆ. ಮಸುಕಾದ ಚುಕ್ಕೆಗಳು ದುಂಡಗೆ ಇರೋ ಬದಲು ಬೆಕ್ಕಿನ ಕಣ್ಣಿನ ಹಾಗೆ ಆಗಿ, ನಡುವಿನ ಸುತ್ತ ಸಾಲಾಗಿ ನಿಲ್ಲುತ್ತವೆ. ಅಂಚಿನ ದೋಷಗಳನ್ನ ಪೂರ್ತಿ ತಿದ್ದದೇ ಇರೋದೂ ಇದಕ್ಕೆ ಸೇರುತ್ತೆ. ಆ ಕಾಲಕ್ಕೆ ಇದು ಕೊರತೆ. ಹೊಸ ಲೆನ್ಸುಗಳು ಕಂಪ್ಯೂಟರ್ ಲೆಕ್ಕದಿಂದ ಇದನ್ನೆಲ್ಲ ತೊಡೆದು ಹಾಕಿದವು. ತೊಡೆದ ಮೇಲೆ ಎಲ್ಲರಿಗೂ ಅದೇ ಬೇಕು ಅನ್ನಿಸ್ತು. :-) ಅಂದ ಹಾಗೆ ಈ ಸುಳಿ ಬೇಕು ಅಂದ್ರೆ ಫುಲ್‌ಫ್ರೇಮ್ ಸೆನ್ಸರ್ ಇದ್ದರೆ ಒಳ್ಳೇದು. ಸಣ್ಣ ಸೆನ್ಸರ್ ಅಂಚನ್ನೇ ಕತ್ತರಿಸಿಬಿಡುತ್ತೆ, 58 ಮಿ.ಮೀ. ಲೆನ್ಸ್ 87ರ ಹಾಗೆ ಕಾಣುತ್ತೆ.

*

1991ರಲ್ಲಿ ಸೋವಿಯತ್ ಒಕ್ಕೂಟ ಮುಗೀತು. ಆ ದಶಕದಲ್ಲೇ ಫೆಡ್ ಕಾರ್ಖಾನೆ ಕ್ಯಾಮೆರಾ ಮಾಡೋದು ಬಿಟ್ಟಿತು. ಲಕ್ಷಾಂತರ ಲೆನ್ಸುಗಳು ಅಟ್ಟ ಸೇರಿದವು, ಸಂತೆಯಲ್ಲಿ ಕವಡೆ ಕಾಸಿಗೆ ಮಾರಾಟವಾದವು. ಅವುಗಳಿಗೆ ಮರುಜನ್ಮ ಬಂದಿದ್ದು ಕನ್ನಡಿ ಹೋದಾಗ. 2008ರಲ್ಲಿ ಪ್ಯಾನಾಸೋನಿಕ್ ಜಿ1 ಬಂತು, 2010ರಲ್ಲಿ ಸೋನಿ ನೆಕ್ಸ್, 2013ರಲ್ಲಿ ಫುಲ್‌ಫ್ರೇಮ್ ಸೆನ್ಸರ್‌ನ ಎ7. ಲೆನ್ಸ್ ಮತ್ತು ಸೆನ್ಸರ್ ನಡುವಿನ ದೂರ 20 ಮಿ.ಮೀ. ಒಳಗೆ ಬಂದ ಮೇಲೆ ಹೆಚ್ಚುಕಮ್ಮಿ ಪ್ರಪಂಚದ ಎಲ್ಲಾ ಹಳೇ ಲೆನ್ಸಿಗೂ ಬಳೆ ಹಾಕಲು ಜಾಗ ಸಿಕ್ತು. 2018ರಲ್ಲಿ ನಿಕಾನ್ ಕೂಡ 16 ಮಿ.ಮೀ. ದೂರದ ಹೊಸ ಮೌಂಟ್ ತಂದಿತು. ಆ ಒಂದು ಮಿಲಿಮೀಟರಿನ ಗೋಳು ಅಲ್ಲೂ ಮುಗೀತು.

ನನ್ನ ಮೊದಲ ಸಂಬಳಗಳಲ್ಲಿ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಕೊಂಡಾಗ ಜೇಬಲ್ಲಿ ಹೊಸ ಲೆನ್ಸಿಗೆ ದುಡ್ಡು ಉಳಿದಿರಲಿಲ್ಲ. ಹಾಗಾಗಿ 2021ರ ಕೊನೆಯಲ್ಲಿ ಇಂಟರ್‌ನೆಟ್‌ನಲ್ಲಿ ಹುಡುಕಿ ಒಂದು ಇಂಡಸ್ಟಾರ್-61 ತರಿಸಿದೆ. ಫೆಡ್ ಕಾರ್ಖಾನೆಯದ್ದೇ. ಮಾರಿದವನು ಖಾರ್ಕಿವ್‌ನವನು. ಲೆನ್ಸ್ ಬಿಚ್ಚಿ, ಗಟ್ಟಿಯಾಗಿದ್ದ ಹಳೇ ಗ್ರೀಸ್ ತೆಗೆದು, ಹೊಸದು ಹಾಕಿ ಕಳಿಸಿದ್ದ. ಪೆಟ್ಟಿಗೆಯೊಳಗೆ ಪುಟ್ಟ ಚೀಟಿ: ಫೋಕಸ್ ಮೃದುವಾಗಿದೆ, ಚೆನ್ನಾಗಿ ಬಳಸಿ, ಅಂತ. ನನ್ನ ಕೈ ಸೇರಿದ್ದು ಫೆಬ್ರವರಿಯ ಎರಡನೇ ವಾರ.

2022ರ ಫೆಬ್ರವರಿ 24ಕ್ಕೆ ರಷ್ಯಾ ದಾಳಿ ಶುರು ಮಾಡಿತು. ರಷ್ಯಾ ಗಡಿಗೆ ಅಂಟಿಕೊಂಡಿರೋ ಖಾರ್ಕಿವ್ ಮೇಲೆ ಮೊದಲ ದಿನದಿಂದಲೇ ಶೆಲ್ ಬಿತ್ತು. ಅದೇ ಊರಲ್ಲಿ ಮೆಡಿಕಲ್ ಓದ್ತಿದ್ದ ನಮ್ಮ ಹಾವೇರಿ ಜಿಲ್ಲೆಯ ಹುಡುಗ ಮಾರ್ಚ್ 1ರಂದು ತೀರಿಕೊಂಡ ಸುದ್ದಿ ನಿಮಗೂ ನೆನಪಿರಬೇಕು. ಅಲ್ಲಿಯವರೆಗೆ ಖಾರ್ಕಿವ್ ಅಂದ್ರೆ ನನಗೆ ಲೆನ್ಸಿನ ಮೇಲಿನ ಮುದ್ರೆ ಅಷ್ಟೇ ಆಗಿತ್ತು.

ಅವತ್ತು ರಾತ್ರಿ ಮಾರಿದವನಿಗೆ ಸಂದೇಶ ಹಾಕಿದೆ. ಹೇಗಿದ್ದೀರಿ ಅಂತ ಎರಡೇ ಸಾಲು. ಉತ್ತರ ಇಲ್ಲ. ವಾರ ಆಯ್ತು, ಎರಡು ವಾರ ಆಯ್ತು. ಆ ಲೆನ್ಸನ್ನ ಕ್ಯಾಮೆರಾಕ್ಕೆ ಹಾಕೋದಕ್ಕೇ ಮನಸ್ಸಾಗಲಿಲ್ಲ, ಕಪಾಟಿನಲ್ಲಿ ಇಟ್ಟೆ. ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ಉತ್ತರ ಬಂದಿತ್ತು. ಬದುಕಿದ್ದೇವೆ, ಅಮ್ಮನನ್ನ ಪಶ್ಚಿಮದ ಕಡೆ ಕರ್ಕೊಂಡು ಬಂದಿದ್ದೇನೆ, ಅಂತ. ಕೆಳಗೆ ಒಂದು ಪ್ರಶ್ನೆ: ಲೆನ್ಸ್ ಸರಿಯಾಗಿ ಕೆಲಸ ಮಾಡ್ತಿದೆಯಾ?

ಮನೆ ಬಿಟ್ಟು ಓಡಿದ ಮನುಷ್ಯ, ಇಲ್ಲಿ ಯಾರೋ ಅಪರಿಚಿತನ ಹತ್ತಿರ ಇರೋ ಲೆನ್ಸಿನ ಗ್ರೀಸ್ ಸರಿಯಿದೆಯಾ ಅಂತ ಕೇಳ್ತಿದ್ದಾನೆ. ಏನು ಬರೀಬೇಕು ಅಂತಾನೇ ತೋಚಲಿಲ್ಲ. ಅವತ್ತು ಆಫೀಸಿಗೆ ತಡವಾಗಿ ಹೋದೆ. ಕಬ್ಬನ್ ಪಾರ್ಕಿನಲ್ಲಿ ಆ ಲೆನ್ಸಿನಿಂದ ಹತ್ತು ಫೋಟೋ ತೆಗೆದು ಕಳಿಸಿದೆ.

ಅದಕ್ಕೇ ಈಗ 'ಸೋವಿಯತ್ ಲೆನ್ಸ್' ಅಂತ ಒಂದೇ ಉಸಿರಿನಲ್ಲಿ ಹೇಳೋಕೆ ನಾಲಿಗೆ ತಡವರಿಸುತ್ತೆ. ನನ್ನ ಇಂಡಸ್ಟಾರ್ ಖಾರ್ಕಿವ್‌ನದ್ದು. ಮಾವನ ಹೀಲಿಯೋಸ್ ಮೇಲಿರೋ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆ, ಹುಟ್ಟಿದಾಗಿನಿಂದ ಸೈನ್ಯದ ಉಪಕರಣ ಮಾಡ್ತಾ ಬಂದಿದ್ದು. ಒಂದು ಕಾಲಕ್ಕೆ ಒಂದರ ನಕ್ಷೆ ಇನ್ನೊಂದು ತಗೊಂಡು ಕ್ಯಾಮೆರಾ ಮಾಡಿದ್ದ ಎರಡು ಊರುಗಳು ಇವು. ನನ್ನ ಕಪಾಟಿನಲ್ಲಿ ಎರಡೂ ಒಂದೇ ಡಬ್ಬಿಯಲ್ಲಿ, ಒಂದೇ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಕೂತಿವೆ.

ಇನ್ನೊಂದು ಸಂಗತಿ. 2024ರಲ್ಲಿ ಬಂದ 'ಡ್ಯೂನ್' ಸಿನಿಮಾದ ಎರಡನೇ ಭಾಗದಲ್ಲಿ ಛಾಯಾಗ್ರಾಹಕ ಗ್ರೆಗ್ ಫ್ರೇಸರ್ ಇಂಥ ಹಳೇ ಸೋವಿಯತ್ ಲೆನ್ಸುಗಳನ್ನ ಬಳಸಿದ್ದಾರೆ. ಸಿನಿಮಾ ಕ್ಯಾಮೆರಾದ ಪಿಎಲ್ ಮೌಂಟ್‌ನಲ್ಲಿ ದೂರ 52 ಮಿ.ಮೀ., ಹಾಗಾಗಿ ಬರೀ ಬಳೆಯಿಂದ ಆಗಲ್ಲ. ಗಾಜನ್ನ ಹೊರತೆಗೆದು ಪೂರ್ತಿ ಹೊಸ ಲೋಹದ ಕವಚದೊಳಗೆ ಕೂರಿಸಬೇಕು. ಅದನ್ನ ಮಾಡಿದ್ದು ಉಕ್ರೇನಿನ ಐರನ್‌ಗ್ಲಾಸ್ ಅನ್ನೋ ಸಂಸ್ಥೆ. ಯುದ್ಧದ ನಡುವೆಯೂ ಅವರು ಕೆಲಸ ಬಿಟ್ಟಿಲ್ಲ.

*

ಮಾವನ ಫೋಟೋಗೆ ವಾಪಸ್ ಬರ್ತೀನಿ. ಪ್ರಿಂಟ್ ಹಾಕಿಸಿ ಕೊರಿಯರ್ ಮಾಡಿದ್ದೆ. ಮೊನ್ನೆ ಫೋನ್ ಮಾಡಿದ್ರು.

"ಫೋಟೋ ಬಂತು ಕಣೋ. ಆಲ್ಬಮ್ಮಿಗೆ ಹಚ್ಚಿದೀನಿ, ನಿಮ್ಮಜ್ಜಿ ಹಪ್ಪಳ ಒಣಗಿಸ್ತಾ ಇರೋ ಫೋಟೋ ಇದೆಯಲ್ಲ, ಅದರ ಪಕ್ಕ. ಎರಡರಲ್ಲೂ ಹಿಂದೆ ಮರ ಹಂಗೇ ಸುತ್ತುತ್ತೆ ನೋಡು. ನಾನು ಇಷ್ಟು ವರ್ಷ ನನ್ನ ಕೈ ನಡುಗಿತ್ತು ಅಂದ್ಕೊಂಡಿದ್ದೆ!"

ಅವರ ಕೈ ನಡುಗಿರಲಿಲ್ಲ. ಅದು ಯೇನಾದಲ್ಲಿ ಯಾರೋ ಹಾಕಿದ ಲೆಕ್ಕ, ಕ್ರಾಸ್ನೊಗೊರ್ಸ್ಕ್‌ನಲ್ಲಿ ಯಾರೋ ತಿದ್ದಿದ ಲೆಕ್ಕ. ಅವರ ಹೆಸರು ಲೆನ್ಸಿನ ಮೇಲೆ ಎಲ್ಲೂ ಬರೆದಿಲ್ಲ.

ನಿಮ್ಮ ಮನೆ ಅಟ್ಟದಲ್ಲೂ ಇಂಥದ್ದೊಂದು ಇಟ್ಟಿಗೆ ಇರಬಹುದು. ಗುಜರಿಗೆ ಹಾಕೋ ಮುಂಚೆ ಒಂದ್ಸಲ ಲೆನ್ಸ್ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ. ಬೂಷ್ಟು ಹಿಡಿದಿಲ್ಲ ಅಂದ್ರೆ ಇನ್ನೂ ಬದುಕಿದೆ ಅಂತಲೇ ಅರ್ಥ. ಬಳೆ ತರಿಸೋ ಮುಂಚೆ ಮಾತ್ರ ಥ್ರೆಡ್ 39ಓ, 42ಓ ಅಂತ ಅಳೆಯೋದು ಮರೀಬೇಡಿ. ನನ್ನ ಹಾಗೆ ದುಡ್ಡು ದಂಡ ಮಾಡ್ಕೋಬೇಡಿ. :-)